ಗಂಗಾಮೂಲದ ಮಗಳು: ಪಂಡಿತಾ ರಮಾಬಾಯಿಯ ಜೀವಚರಿತ್ರೆ

ಕಳಸದಿಂದ ಹೊರಟು ಕುದುರೆಮುಖವನ್ನು ದಾಟಿ ಕಾರ್ಕಳದ ಕಡೆಗೆ ಘಟ್ಟವಿಳಿಯುವ ದಾರಿಯು ನಮ್ಮಲ್ಲಿ ಅನೇಕರಿಗೆ ಪರಿಚಿತವಾದದ್ದೇ. ಆ ದಾರಿಯ ಮಗ್ಗುಲಲ್ಲಿ, ಹುಲ್ಲುಗುಡ್ಡಗಳೂ ಕಣಿವೆಯ ಕಾಡುಗಳೂ ಒಂದನ್ನೊಂದು ಕೂಡುವ ಸ್ಥಳದಲ್ಲಿ, ತುಂಗೆ, ಭದ್ರೆ, ನೇತ್ರಾವತಿ ಎಂಬ ಮೂರು ಹೊಳೆಗಳ ಹುಟ್ಟುನೆಲೆಯಾದ ಗಂಗಾಮೂಲವಿದೆ. ತೋಟದ ಕೆಲಸಕ್ಕೂ ಮದುವೆ ಮರಣಗಳಿಗೂ ಆ ಮಾರ್ಗವಾಗಿ ಹೋಗಿ ಬರುವ ನಮ್ಮ ಜನರು ಆ ಹೆಸರನ್ನು ಕೇಳಿ ಬಲ್ಲರು. ಆದರೆ ಇಂಡಿಯಾ ದೇಶದ ಸ್ತ್ರೀಯರಿಗೋಸ್ಕರ ತನ್ನ ಜೀವಮಾನವನ್ನೆಲ್ಲಾ ಸವೆಯಿಸಿದ ಪಂಡಿತಾ ರಮಾಬಾಯಿಯು 1858ನೆಯ ಇಸವಿಯ ಏಪ್ರಿಲ್ 23ರಲ್ಲಿ ಹುಟ್ಟಿದ್ದು ಅದೇ ಕಾಡಿನಲ್ಲಿ ಎಂಬದನ್ನು ಬಲ್ಲವರು ಸ್ವಲ್ಪವೇ ಮಂದಿ.

ಈ ತಿಂಗಳು ಆಕೆಯ ಚರಿತ್ರೆಯನ್ನು ಬರೆಯುವದಕ್ಕೆ ಒಂದು ಕಾರಣವುಂಟು. ಸ್ತ್ರೀಯರ ಶರೀರವನ್ನು ಸಂತೆಯ ಸರಕಿನಂತೆ ಮಾರಿ ಲಾಭ ಪಡೆಯುವ ವ್ಯಾಪಾರವು ಲೋಕದಲ್ಲಿ ಹಳೆಯದು. ನಮ್ಮ ಕಾಲದಲ್ಲಿ ಅದು ಹೊಸ ವೇಷವನ್ನು ಧರಿಸಿ, ಅಶ್ಲೀಲ ಚಿತ್ರಗಳ ರೂಪದಲ್ಲಿ, ಪ್ರತಿಯೊಬ್ಬನ ಅಂಗಿಯ ಕಿಸೆಯಲ್ಲಿರುವ ಮೊಬೈಲಿನೊಳಗೆ ಬಂದು ಕೂತಿದೆ. ಇದರ ವಿಷಯವಾಗಿ ಬಾಯಿ ತೆರೆಯುವದು ನಾಚಿಕೆಗೇಡೆಂದು ಎಣಿಸಿ ನಮ್ಮ ಸಭೆಗಳು ಸುಮ್ಮನಿರುತ್ತವೆ. ಹಾಗೆ ಸುಮ್ಮನಿರುವದರಿಂದ ವ್ಯಾಪಾರಿಗೆ ಏನೂ ನಷ್ಟವಿಲ್ಲ, ನಷ್ಟವು ಹೆಣ್ಣುಮಕ್ಕಳದು. ರಮಾಬಾಯಿಯು ಈ ವ್ಯಾಪಾರವನ್ನು ಅದರ ಹಳೆಯ ರೂಪದಲ್ಲಿ ಕಣ್ಣಾರೆ ಕಂಡು, ಅದರ ಬೇರುಗಳನ್ನು ಅರಿತು, ಅದರ ಬಾಯೊಳಗಿಂದ ನೂರಾರು ಮಂದಿಯನ್ನು ಬಿಡಿಸಿದವಳಾದದರಿಂದ ಆಕೆಯಿಂದ ನಾವು ಕಲಿಯತಕ್ಕದ್ದು ಬಹಳವಿದೆ.

1. ಕಾಡಿನ ಮನೆ

ರಮಾಬಾಯಿಯ ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯು ಘಟ್ಟದ ಕೆಳಗೆ ಕಾರ್ಕಳದ ಬಳಿಯಲ್ಲಿರುವ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣನು. ಆತನು ಯೌವನದಲ್ಲಿ ಪುಣೆಗೆ ಹೋಗಿ ಸಂಸ್ಕೃತವನ್ನು ಕಲಿಯುತ್ತಿದ್ದಾಗ, ತನ್ನ ಗುರುವು ಪೇಶ್ವೆಯ ಅರಮನೆಯ ರಾಣಿಗೆ ಪಾಠ ಹೇಳುವದನ್ನು ನೋಡಿ, ಸ್ತ್ರೀಯರೂ ವಿದ್ಯೆಗೆ ಯೋಗ್ಯರೆಂದು ತಿಳಿದು, ತನ್ನ ಹೆಂಡತಿಗೂ ಕಲಿಸಬೇಕೆಂದು ನಿಶ್ಚಯಿಸಿದನು. ಮೊದಲನೆಯ ಹೆಂಡತಿಯ ಕಾಲದಲ್ಲಿ ಮನೆಯವರ ವಿರೋಧದಿಂದ ಅದು ನಡೆಯಲಿಲ್ಲ. ಆಕೆಯು ತೀರಿಹೋದ ಮೇಲೆ, ನಾಲ್ವತ್ತು ವರುಷ ದಾಟಿದ ಈತನು ಗೋದಾವರಿಯ ತೀರದಲ್ಲಿ ಒಬ್ಬ ಯಾತ್ರಿಕನನ್ನು ಕಂಡನು. ಆ ಯಾತ್ರಿಕನು ಈತನ ಕುಲಗೋತ್ರಗಳನ್ನು ವಿಚಾರಿಸಿ, ಮಾರನೆಯ ದಿನವೇ ತನ್ನ ಒಂಭತ್ತು ವರುಷದ ಮಗಳಾದ ಲಕ್ಷ್ಮೀಬಾಯಿಯನ್ನು ಧಾರೆಯೆರೆದು ಕೊಟ್ಟು ತನ್ನ ದಾರಿ ಹಿಡಿದನು. ಆ ಮಗುವು ಒಳ್ಳೆಯವನ ಕೈಗೆ ಬಿತ್ತು. ಆದರೆ ಹೆಣ್ಣುಮಗುವನ್ನು ಗುರುತಿಲ್ಲದವನ ಕೈಗೆ ಒಪ್ಪಿಸುವದು ಎಷ್ಟು ಹಗುರವಾದ ಕಾರ್ಯವಾಗಿತ್ತೆಂಬದನ್ನು ರಮಾಬಾಯಿಯು ಜೀವಮಾನವೆಲ್ಲಾ ಮರೆಯಲಿಲ್ಲ. ತನ್ನ ಪುಸ್ತಕದಲ್ಲಿಯೂ ಅದನ್ನು ಬರೆದಿಟ್ಟಳು.

ಅನಂತಶಾಸ್ತ್ರಿಯು ಆ ಬಾಲೆಗೆ ಸಂಸ್ಕೃತವನ್ನು ಕಲಿಸತೊಡಗಿದಾಗ ಊರಿನವರೂ ಜಾತಿಯವರೂ ಎದ್ದು ನಿಂತರು. ಉಡುಪಿಯಲ್ಲಿ ಮಠದ ಮುಂದೆ ಆತನು ತನ್ನ ನಡತೆಗೆ ಉತ್ತರ ಕೊಡಬೇಕಾಯಿತು. ಸ್ತ್ರೀಯರಿಗೆ ವಿದ್ಯೆ ಕಲಿಸಬಾರದೆಂಬದು ಶಾಸ್ತ್ರದ ಮಾತಲ್ಲವೆಂದು ಆತನು ಗ್ರಂಥಗಳಿಂದಲೇ ತೋರಿಸಿದನು. ಆದರೂ ಜನರ ಮಾತು ನಿಲ್ಲದೆ ಇದ್ದದರಿಂದ ಹೆಂಡತಿಯನ್ನು ಕರಕೊಂಡು ಗಂಗಾಮೂಲದ ಕಾಡಿಗೆ ಏರಿ, ಅಲ್ಲಿ ಮನೆಯನ್ನು ಕಟ್ಟಿ, ಶಿಷ್ಯರಿಗೆ ಪಾಠ ಹೇಳುತ್ತಾ ವಾಸಮಾಡಿದನು. ಬಂದ ಅತಿಥಿಗಳಿಗೆಲ್ಲಾ ಊಟವಿಕ್ಕಿ, ಇದ್ದ ಆಸ್ತಿಯನ್ನು ಕಳಕೊಂಡು ಸಾಲಗಾರನಾದನು. ಆಗ ರಮಾಬಾಯಿಯು ಆರು ತಿಂಗಳಿನ ಕೂಸು. ಬೆತ್ತದ ಪೆಟ್ಟಿಗೆಯಲ್ಲಿ ಆಕೆಯನ್ನು ಮಲಗಿಸಿ, ಹೊತ್ತುಕೊಂಡು, ಸಂಸಾರವೆಲ್ಲಾ ಬೆಟ್ಟವನ್ನಿಳಿದು ತೀರ್ಥಯಾತ್ರೆಗೆ ಹೊರಟಿತು. ಅಂದಿನಿಂದ ಆಕೆಗೆ ಸ್ವಂತ ಮನೆಯೆಂಬದು ಬಹು ಕಾಲದ ವರೆಗೆ ಇರಲಿಲ್ಲ.

ದಾರಿಯೇ ಆಕೆಯ ಶಾಲೆ, ತಾಯಿಯೇ ಗುರು. ಬೆಳಗಿನ ಜಾವದಲ್ಲಿ ತಾಯಿಯು ಮಗಳನ್ನು ಎಬ್ಬಿಸಿ ಶ್ಲೋಕಗಳನ್ನು ಬಾಯಿಪಾಠ ಮಾಡಿಸುವಳು. ಹನ್ನೆರಡು ವರುಷ ತುಂಬುವದರೊಳಗೆ ಭಾಗವತವು ಆಕೆಗೆ ಕಂಠಗತವಾಗಿತ್ತು. ಊರೂರು ತಿರುಗಿದ್ದರಿಂದ ಮರಾಠಿಯೊಂದಿಗೆ ಕನ್ನಡವೂ ಹಿಂದಿಯೂ ನಾಲಿಗೆಗೆ ಬಂದವು.

2. ಹಸಿವು ಕಲಿಸಿದ ಪಾಠ

1870ರ ನಂತರದ ವರುಷಗಳಲ್ಲಿ ದಕ್ಷಿಣ ದೇಶದಲ್ಲಿ ಭಯಂಕರವಾದ ಕ್ಷಾಮ ಉಂಟಾಯಿತು. ಪುರಾಣ ಹೇಳಿ ಬದುಕುವ ಸಂಸಾರಕ್ಕೆ ಕಾಳು ಕೊಡುವವರು ಇಲ್ಲದೆ ಹೋದರು. ಕೂಲಿ ಮಾಡುವದಕ್ಕೆ ಅವರಿಗೆ ತಿಳಿಯದು. ಬೇಡುವದಕ್ಕೆ ಬಾಯಿ ಬಾರದು. ಪಾತ್ರೆಗಳನ್ನೂ ಆಭರಣಗಳನ್ನೂ ಮಾರಿ ತಿಂದಾದ ಮೇಲೆ ಕಾಡಿನ ಎಲೆಗಳನ್ನು ತಿಂದು ದಿನ ಕಳೆದರು. ಮೊದಲು ತಂದೆಯೂ, ಸ್ವಲ್ಪ ಕಾಲದೊಳಗೆ ತಾಯಿಯೂ, ಅವಳ ಹಿಂದೆ ಅಕ್ಕನೂ ತೀರಿಹೋದರು. ತಾಯಿಯು ಸಾಯುವದಕ್ಕೆ ಮುಂಚೆ ತುತ್ತು ಅನ್ನವನ್ನು ಬಯಸಿದಾಗ, ರಮಾಬಾಯಿಯು ನೆರೆಮನೆಯ ಬಾಗಿಲಿಗೆ ಹೋಗಿ ನಿಂತು, ಬೇಡಲಾರದೆ ಅತ್ತಳು. ತಾಯಿಯ ಹೆಣವನ್ನು ಹೊರುವದಕ್ಕೆ ಜನ ಸಾಲದೆ, ಈಕೆಯೇ ಚಟ್ಟದ ಒಂದು ಮೂಲೆಗೆ ಹೆಗಲು ಕೊಡಬೇಕಾಯಿತು.

ಉಳಿದ ಅಣ್ಣ ತಂಗಿಯರು ಸಾವಿರಾರು ಮೈಲು ನಡೆದು 1878ರಲ್ಲಿ ಕಲ್ಕತ್ತೆಗೆ ಮುಟ್ಟಿದರು. ಅಲ್ಲಿಯ ವಿದ್ವಾಂಸರು ಇಪ್ಪತ್ತು ವರುಷದ ಈ ಹುಡುಗಿಯ ಸಂಸ್ಕೃತ ಪಾಂಡಿತ್ಯವನ್ನು ಪರೀಕ್ಷಿಸಿ ಆಶ್ಚರ್ಯಪಟ್ಟು, ಪಂಡಿತೆಯೆಂದೂ ಸರಸ್ವತಿಯೆಂದೂ ಬಿರುದು ಕೊಟ್ಟರು. 1880ರಲ್ಲಿ ಅಣ್ಣನು ಸತ್ತನು. ಅದೇ ವರುಷ ಆಕೆಯು ಜಾತಿಯ ಕಟ್ಟನ್ನು ಮೀರಿ ಬಂಗಾಳದ ವಕೀಲನಾದ ಬಿಪಿನ್ ಬಿಹಾರಿ ಎಂಬವನನ್ನು ಮದುವೆಯಾದಳು. 1881ರಲ್ಲಿ ಮನೋರಮೆಯೆಂಬ ಮಗಳು ಹುಟ್ಟಿದಳು. 1882ರಲ್ಲಿ ಗಂಡನು ವಾಂತಿಭೇದಿಯಿಂದ ತೀರಿಹೋದನು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಕೈಗೂಸಿನೊಂದಿಗೆ ವಿಧವೆಯಾದ ಈಕೆಯು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದಳು. ಆ ವರುಷ ಸರಕಾರದ ವಿದ್ಯಾ ಕಮಿಷನಿನ ಮುಂದೆ ನಿಂತು, ಈ ದೇಶದ ಸ್ತ್ರೀಯರಿಗೆ ಸ್ತ್ರೀ ಉಪಾಧ್ಯಾಯರೂ ಸ್ತ್ರೀ ವೈದ್ಯರೂ ಬೇಕೆಂದು ಸಾಕ್ಷಿ ಹೇಳಿದಳು.

ಹಸಿವೂ ಒಂಟಿತನವೂ ಹೆಣ್ಣನ್ನು ಯಾವ ಅಂಚಿಗೆ ತಂದು ನಿಲ್ಲಿಸುತ್ತವೆಂಬದನ್ನು ಆಕೆಯು ಪುಸ್ತಕದಿಂದ ಕಲಿಯಲಿಲ್ಲ. ತನಗೆ ವಿದ್ಯೆಯೂ ಜೊತೆಗೆ ಅಣ್ಣನೂ ಇಲ್ಲದೆ ಇದ್ದಿದ್ದರೆ ತಾನೂ ಅಲ್ಲಿಯೇ ಇರುತ್ತಿದ್ದೆನೆಂದು ತಿಳಿದವಳಂತೆ ಮುಂದೆ ನಡಕೊಂಡಳು.

3. ಲಂಡನಿನಲ್ಲಿ ಕಂಡದ್ದು

1883ರಲ್ಲಿ ಆಕೆಯು ವೈದ್ಯವಿದ್ಯೆಯನ್ನು ಕಲಿಯುವ ಆಶೆಯಿಂದ ಇಂಗ್ಲೆಂಡಿಗೆ ಹೋಗಿ, ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಮನೆಯಲ್ಲಿ ಇಳಕೊಂಡಳು. ಕಿವಿಯ ಮಂದತನದಿಂದ ವೈದ್ಯವಿದ್ಯೆ ಕೈಗೂಡಲಿಲ್ಲ. ಒಂದು ಸಾರಿ ಆ ಸಹೋದರಿಯರು ಆಕೆಯನ್ನು ಲಂಡನಿನ ಫುಲ್ಹಮ್ ಎಂಬಲ್ಲಿಗೆ ಕಳುಹಿಸಿದರು. ಅಲ್ಲಿ ಬೀದಿಯ ಪಾಲಾಗಿದ್ದ ಸ್ತ್ರೀಯರಿಗಾಗಿ ಅವರು ನಡಿಸುತ್ತಿದ್ದ ಮನೆಯನ್ನು ಆಕೆಯು ನೋಡಿದಳು.

ಇಂಥ ಸ್ತ್ರೀಯರು ಹತ್ತಿರ ಸೇರಿಸಿಕೊಳ್ಳತಕ್ಕವರಲ್ಲವೆಂದೂ, ಅವರಿಗೆ ದಂಡನೆಯ ಹೊರತು ಬೇರೇನೂ ಸಲ್ಲದೆಂದೂ ಆಕೆಯು ಚಿಕ್ಕಂದಿನಿಂದ ಕೇಳಿದ್ದಳು. ಇಲ್ಲಿಯಾದರೋ ಗೌರವಸ್ಥ ಕುಟುಂಬಗಳ ಸ್ತ್ರೀಯರು ಅವರ ಹುಣ್ಣುಗಳನ್ನು ತೊಳೆದು, ಅವರಿಗೆ ಕೆಲಸ ಕಲಿಸಿ, ಅಕ್ಕತಂಗಿಯರಂತೆ ಮಾತಾಡಿಸುತ್ತಿದ್ದರು. ಕೆಟ್ಟುಹೋದರೆಂದು ಲೋಕವು ಕೈಬಿಟ್ಟವರು ಪುನಃ ಮುಖವೆತ್ತಿ ನಡೆಯುತ್ತಿದ್ದರು. ಈ ದಯೆಯ ಮೂಲವೇನೆಂದು ಆಕೆಯು ವಿಚಾರಿಸಿದಾಗ, ಸಹೋದರಿಯೊಬ್ಬಳು ಯೋಹಾನನ ಸುವಾರ್ತೆಯಲ್ಲಿ ಬರುವ ಸಮಾರ್ಯದ ಸ್ತ್ರೀಯ ಕಥೆಯನ್ನು ಓದಿ ತಿಳಿಸಿದಳು. ಬಾವಿಯ ಬಳಿಯಲ್ಲಿ ಕರ್ತನು ಆ ಸ್ತ್ರೀಯನ್ನು ತಿರಸ್ಕರಿಸದೆ, ನೀರು ಕೇಳಿ, ಮಾತಾಡಿ, ಆಕೆಯನ್ನೇ ಆ ಊರಿಗೆ ಮೊದಲನೆಯ ಸಾಕ್ಷಿಯಾಗಿ ಮಾಡಿದ್ದನ್ನು ಕೇಳಿ ರಮಾಬಾಯಿಯ ಮನಸ್ಸು ತಿರುಗಿತು. 1883ರ ಸೆಪ್ಟೆಂಬರ್ 29ರಲ್ಲಿ ಆಕೆಯು ತನ್ನ ಮಗಳೊಂದಿಗೆ ದೀಕ್ಷಾಸ್ನಾನ ಹೊಂದಿದಳು. ಪಂಡಿತರು ವಾದದಿಂದ ಗೆಲ್ಲಲಾರದ ಈ ಪಂಡಿತೆಯನ್ನು ಗೆದ್ದದ್ದು, ಮಾರಲ್ಪಟ್ಟ ಸ್ತ್ರೀಯರಿಗೆ ತೆರೆದಿದ್ದ ಒಂದು ಬಾಗಿಲು.

ಇಲ್ಲಿ ಒಂದು ಮಾತನ್ನು ನಾವು ಮುಚ್ಚಿಡಬಾರದು. ಆ ಸ್ತ್ರೀಯರು ಬೀದಿಗೆ ಬಿದ್ದದ್ದು ಕ್ರೈಸ್ತ ರಾಜ್ಯವೆನ್ನಿಸಿಕೊಂಡ ಇಂಗ್ಲೆಂಡಿನ ರಾಜಧಾನಿಯಲ್ಲಿಯೇ. ರಮಾಬಾಯಿಯು ಆ ದೇಶದಲ್ಲಿದ್ದಾಗಲೇ, 1885ರಲ್ಲಿ, ಚಿಕ್ಕ ಹುಡುಗಿಯರನ್ನು ಕೊಂಡುಕೊಳ್ಳುವ ವ್ಯಾಪಾರವನ್ನು ಒಂದು ಪತ್ರಿಕೆಯು ಬೈಲಿಗೆ ತಂದಿತು. ಆ ಮೇಲೆಯೇ ಸಮ್ಮತಿಯ ವಯಸ್ಸನ್ನು 13ರಿಂದ 16ಕ್ಕೆ ಏರಿಸುವ ಕಾನೂನು ಅಲ್ಲಿ ಹುಟ್ಟಿತು. ಈ ದೇಶದಲ್ಲಿ 1868ರಿಂದ 1888ರ ವರೆಗೆ ಜಾರಿಯಲ್ಲಿದ್ದ ಒಂದು ಶಾಸನವು ವೇಶ್ಯಾವೃತ್ತಿಯ ಸ್ತ್ರೀಯರ ಹೆಸರು ಬರಸಿ ಬಲವಂತದಿಂದ ವೈದ್ಯಪರೀಕ್ಷೆ ಮಾಡಿಸುತ್ತಿತ್ತೇ ಹೊರತು, ಅವರ ಬಳಿಗೆ ಹೋಗುವ ಗಂಡಸರನ್ನು ಕೇಳುತ್ತಿರಲಿಲ್ಲ. ಆದಕಾರಣ ಈ ಪಾಪವು ಒಂದು ಮತಕ್ಕಾಗಲಿ ಒಂದು ಜಾತಿಗಾಗಲಿ ಸೇರಿದ್ದೆಂದು ನಾವು ಹೆಮ್ಮೆಪಟ್ಟುಕೊಳ್ಳುವದಕ್ಕೆ ಆಸ್ಪದವಿಲ್ಲ.

4. ಯಾತ್ರಿಕಳ ವೇಷದಲ್ಲಿ

1886ರಲ್ಲಿ ರಮಾಬಾಯಿಯು ಅಮೇರಿಕಕ್ಕೆ ಹೋಗಿ, ವೈದ್ಯಪದವಿ ಪಡೆದ ತನ್ನ ಬಂಧುವಾದ ಆನಂದೀಬಾಯಿ ಜೋಶಿಯ ಪದವಿ ಸಮಾರಂಭವನ್ನು ಕಂಡಳು. 1887ರಲ್ಲಿ ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಗತಿಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಬರೆದು, ಅದರಿಂದ ಬಂದ ಹಣವನ್ನೂ ಅಲ್ಲಿಯ ಸ್ನೇಹಿತರ ಸಹಾಯವನ್ನೂ ತಂದು, 1889ರ ಮಾರ್ಚ್ 11ರಲ್ಲಿ ಬೊಂಬಾಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದಳು. ಮಾರನೆಯ ವರುಷ ಅದು ಪುಣೆಗೆ ಬಂತು. ಹುಡುಗಿಯರು ಕ್ರೈಸ್ತರಾಗುವರೆಂಬ ಭಯದಿಂದ 1893ರಲ್ಲಿ ಅನೇಕ ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಸಹಾಯಕರಾಗಿದ್ದ ದೊಡ್ಡ ಮನುಷ್ಯರೂ ದೂರವಾದರು. ಆದರೂ ಆಕೆಯು ಬಾಗಿಲನ್ನು ಮುಚ್ಚಲಿಲ್ಲ.

ಪುಣೆಯಲ್ಲಿರುವಾಗ, ಉತ್ತರ ದೇಶದ ಬೃಂದಾವನದಲ್ಲಿ ವಿಧವೆಯರ ಗತಿಯೇನೆಂಬ ಸುದ್ದಿಯು ಆಕೆಯ ಕಿವಿಗೆ ಬಿತ್ತು. ಅದು ನಿಜವೋ ಎಂದು ತಿಳಿಯಬೇಕೆಂದು, ಬಡ ಯಾತ್ರಿಕಳ ವೇಷ ಧರಿಸಿ ತಾನೇ ಅಲ್ಲಿಗೆ ಹೋದಳು. ಅಲ್ಲಿ ಕಂಡದ್ದೇನಂದರೆ, ದಲ್ಲಾಳಿಗಳು ಊರೂರಿಗೆ ಹೋಗಿ, ದಿಕ್ಕಿಲ್ಲದ ವಿಧವೆಯರನ್ನು ಹುಡುಕಿ, ಪುಣ್ಯಕ್ಷೇತ್ರದಲ್ಲಿ ವಾಸಮಾಡಿದರೆ ಪಾಪ ಪರಿಹಾರವಾಗುವದೆಂದೂ ಊಟಕ್ಕೆ ಕೊರತೆಯಿರದೆಂದೂ ನಂಬಿಸಿ ಕರತರುವರು. ಕೈಯಲ್ಲಿದ್ದ ಹಣವು ಕರಗುವ ವರೆಗೆ ಆದರ ನಡೆಯುವದು. ಹಣ ತೀರಿದ ಮೇಲೆ ಬಾಡಿಗೆಯ ಬಾಕಿ, ಊಟದ ಬಾಕಿ ಎಂದು ಲೆಕ್ಕ ತೋರಿಸಿ, ಪ್ರಾಯದವಳಾದರೆ ಆಕೆಯನ್ನು ಕಾಮುಕರ ಕೈಗೆ ಒಪ್ಪಿಸುವರು. ಹಿಂದಕ್ಕೆ ಹೋಗುವೆನೆಂದರೆ ಊರಿನಲ್ಲಿ ಸೇರಿಸಿಕೊಳ್ಳುವವರು ಯಾರೂ ಇಲ್ಲ. ಮುಪ್ಪು ಬಂದಾಗ ಬೀದಿಯೇ ಗತಿ.

ಪ್ರಿಯ ವಾಚಕರೇ, ಈ ವ್ಯಾಪಾರದ ನಾಲ್ಕು ಹುರಿಗಳನ್ನು ಇಲ್ಲಿ ಗಮನಿಸಿರಿ. ಮೊದಲನೆಯದು ಬಡತನ, ಎರಡನೆಯದು ಸುಳ್ಳು ವಾಗ್ದಾನ, ಮೂರನೆಯದು ತನ್ನವರಿಂದ ದೂರವಿದ್ದು ಸಾಲಕ್ಕೆ ಸಿಕ್ಕಿಬೀಳುವದು, ನಾಲ್ಕನೆಯದು ಹಿಂದಿರುಗುವ ಬಾಗಿಲನ್ನು ಮುಚ್ಚುವ ನಾಚಿಕೆ. ಮೊದಲಿನ ಮೂರನ್ನು ವ್ಯಾಪಾರಿಯು ಹೊಸೆಯುತ್ತಾನೆ. ನಾಲ್ಕನೆಯದನ್ನು ಹೊಸೆಯುವವರು ಊರಿನ ಗೌರವಸ್ಥ ಜನರು.

5. ಮುಕ್ತಿಯೂ ಕೃಪೆಯೂ

1896 ಮತ್ತು 1897ರಲ್ಲಿ ಮಧ್ಯಪ್ರಾಂತಗಳಲ್ಲಿ ಕ್ಷಾಮವು ಬಂದಾಗ ರಮಾಬಾಯಿಗೆ ತನ್ನ ಬಾಲ್ಯವು ಮರುಕಳಿಸಿ ಬಂದ ಹಾಗಾಯಿತು. ಆಕೆಯು ಹೊರಟುಹೋಗಿ ಗಂಜಿ ಕೇಂದ್ರಗಳನ್ನೂ ಬಡವರ ಛತ್ರಗಳನ್ನೂ ನೋಡಿದಳು. ಹಸಿವಿನಿಂದ ಎಲುಬು ತೋರುವ ಹುಡುಗಿಯರನ್ನು ಕಡಿಮೆ ಬೆಲೆಗೆ ಕೊಳ್ಳುವದಕ್ಕೆ ದುಷ್ಟ ಗಂಡಸರೂ ಹೆಂಗಸರೂ ಅಲ್ಲಿ ಸುತ್ತಾಡುತ್ತಿದ್ದರು. ಕಾಪಾಡಬೇಕಾದ ಮೇಲ್ವಿಚಾರಕರಲ್ಲಿಯೂ ಕೆಲವರು ಅನ್ನದ ಆಶೆ ತೋರಿಸಿ ಅವರನ್ನು ಕೆಡಿಸುತ್ತಿದ್ದರು. ಆಕೆಯು ಇದನ್ನು ಪತ್ರಿಕೆಗಳಲ್ಲಿ ಬರೆದಳು. ಕೈಯಲ್ಲಿ ಹಣವಿಲ್ಲದಿದ್ದರೂ ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನು ತನ್ನ ಸಂಗಡ ಕರಕೊಂಡು ಬಂದಳು.

ಆಗ ಪುಣೆಯಲ್ಲಿ ಪ್ಲೇಗು. ಹೊಸಬರನ್ನು ಊರೊಳಗೆ ಇಟ್ಟುಕೊಳ್ಳಕೂಡದೆಂದು ಅಧಿಕಾರಿಗಳು ಅಪ್ಪಣೆ ಮಾಡಿದ್ದರಿಂದ, ಪುಣೆಗೆ ಸುಮಾರು 35 ಮೈಲು ದೂರದಲ್ಲಿರುವ ಕೇಡಗಾಂವಿನ ತನ್ನ ಹೊಲದಲ್ಲಿ ಡೇರೆಗಳನ್ನೂ ಗುಡಿಸಲುಗಳನ್ನೂ ಹಾಕಿಸಿ ಅವರನ್ನು ಇರಿಸಿದಳು. ಅದೇ ಮುಂದೆ ಮುಕ್ತಿ ಸದನವೆನ್ನಿಸಿಕೊಂಡಿತು. ಪ್ಲೇಗಿನ ಪ್ರತ್ಯೇಕ ಶಿಬಿರಕ್ಕೆ ಒಯ್ಯಲ್ಪಟ್ಟ ತನ್ನ ಒಬ್ಬ ಹುಡುಗಿಯು ಅಲ್ಲಿಯ ಕಾವಲುಗಾರನ ವಶವಾದಳೆಂದು ಆಕೆಯು 1897ರಲ್ಲಿ ಪತ್ರಿಕೆಗೆ ಬರೆದಾಗ, ಆ ಮಾತು ಇಂಗ್ಲೆಂಡಿನ ಪಾರ್ಲಿಮೆಂಟಿನ ವರೆಗೆ ಹೋಯಿತು. ಸರಕಾರದವರು ಅದನ್ನು ಅಲ್ಲಗಳೆದರು. ಆಕೆಯಾದರೋ ತನ್ನ ಮಾತನ್ನು ಹಿಂದಕ್ಕೆ ತಕ್ಕೊಳ್ಳಲಿಲ್ಲ. ಮಿಷನ್ ಸ್ನೇಹಿತರಿಗೂ ದೊರೆಗಳಿಗೂ ಅಪ್ರಿಯವಾಗುವ ಭಯವು ಹೆಣ್ಣುಮಕ್ಕಳ ಕಾರ್ಯದಲ್ಲಿ ಆಕೆಗೆ ಇರಲಿಲ್ಲ.

1899ರಲ್ಲಿ ಆಕೆಯು ಕೃಪಾ ಸದನವೆಂಬ ಬೇರೊಂದು ಮನೆಯನ್ನು ತೆರೆದಳು. ಇದು ದುರ್ಮಾರ್ಗಕ್ಕೆ ಎಳೆಯಲ್ಪಟ್ಟು ದೇಹವೂ ಮನಸ್ಸೂ ಹಾಳಾಗಿದ್ದ ಸ್ತ್ರೀಯರಿಗಾಗಿ. ಹದಿನಾರು ವರುಷಗಳ ಹಿಂದೆ ಫುಲ್ಹಮ್ಮಿನಲ್ಲಿ ಕಂಡದ್ದು ಈಗ ಮರಾಠಿ ನೆಲದಲ್ಲಿ ಎದ್ದು ನಿಂತಿತು. 1900ರಲ್ಲಿ ಗುಜರಾತಿನ ಕ್ಷಾಮದಿಂದ ಇನ್ನೂ ಅನೇಕರು ಬಂದು ಸೇರಿದ ಮೇಲೆ ಮುಕ್ತಿಯಲ್ಲಿ ಎರಡು ಸಾವಿರದ ಹತ್ತಿರ ಮಂದಿ ಇದ್ದರು.

ಇಷ್ಟು ಮಂದಿಗೆ ಆಕೆಯು ಕೊಟ್ಟದ್ದು ಬರೀ ಗಂಜಿಯಲ್ಲ. ಓದು ಬರಹ ಕಲಿಸಿದಳು. ನೇಯಿಗೆ, ಹೊಲಿಗೆ, ಬೇಸಾಯ, ಹೈನು, ಎಣ್ಣೆಯ ಗಾಣ, ಅಚ್ಚುಕೂಟ ಇವುಗಳಲ್ಲಿ ಕೈಕೆಲಸ ಕಲಿಸಿದಳು. ಕುರುಡರಿಗೆ ಮನೋರಮೆಯು ಬೆರಳಿನಿಂದ ಓದುವ ಲಿಪಿಯನ್ನು ಕಲಿಸಿದಳು. ತನ್ನ ಕೈಯಿಂದ ದುಡಿದು ತಿನ್ನಬಲ್ಲ ಹೆಣ್ಣನ್ನು ದಲ್ಲಾಳಿಯು ಸುಲಭವಾಗಿ ಕೊಳ್ಳಲಾರನೆಂಬದು ಆಕೆಗೆ ಗೊತ್ತಿತ್ತು. ಆಕೆಯು ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ಸತ್ಯವೇದವನ್ನು ಸಾಮಾನ್ಯ ಹೆಂಗಸರಿಗೆ ತಿಳಿಯುವ ಮರಾಠಿಗೆ ತರ್ಜುಮೆ ಮಾಡಿದಾಗ, ಅದರ ಅಕ್ಷರಗಳನ್ನು ಜೋಡಿಸಿ ಅಚ್ಚುಹಾಕಿದವರು ಆ ಸದನದ ಸ್ತ್ರೀಯರೇ. ಲೋಕವು ತಿರಸ್ಕರಿಸಿದ ಕೈಗಳಿಂದ ಆ ಪುಸ್ತಕವು ಹೊರಟಿತು. ನಮ್ಮ ಕನ್ನಡ ನಾಡನ್ನೂ ಆಕೆಯು ಮರೆಯಲಿಲ್ಲ. 1912ರ ಸುಮಾರಿಗೆ ಕಲಬುರಗಿಯಲ್ಲಿ ಒಂದು ಕ್ರೈಸ್ತ ಶಾಲೆಯು ಆಕೆಯ ಪ್ರಯತ್ನದಿಂದ ತೆರೆಯಲ್ಪಟ್ಟಿತು, ಮನೋರಮೆಯು ಅದನ್ನು ನೋಡಿಕೊಂಡಳು. 1919ರಲ್ಲಿ ಸರಕಾರವು ಆಕೆಗೆ ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. 1921ರಲ್ಲಿ ಮನೋರಮೆಯು ತೀರಿಹೋದಳು. ಆ ದುಃಖದ ಒಂಭತ್ತು ತಿಂಗಳೊಳಗೆ, 1922ರ ಏಪ್ರಿಲ್ 5ರಲ್ಲಿ, ರಮಾಬಾಯಿಯೂ ಕರ್ತನಲ್ಲಿ ನಿದ್ರೆಹೋದಳು.

6. ಇಂದಿನ ಸಂತೆ

ಇದೆಲ್ಲಾ ನೂರು ವರುಷದ ಹಿಂದಿನ ಕಥೆಯೆಂದು ಪುಸ್ತಕವನ್ನು ಮುಚ್ಚಬೇಡಿರಿ. ಬೃಂದಾವನದಲ್ಲಿ ಕಂಡ ನಾಲ್ಕು ಹುರಿಗಳೂ ಇಂದಿನ ಅಶ್ಲೀಲ ಚಿತ್ರಗಳ ವ್ಯಾಪಾರದಲ್ಲಿ ಹಾಗೆಯೇ ಇವೆ. ಅಮೇರಿಕದ ಸ್ಯಾನ್ ಡಿಯಾಗೊ ಪಟ್ಟಣದಲ್ಲಿ ಒಂದು ವ್ಯಾಪಾರಸಂಸ್ಥೆಯವರು, ರೂಪದರ್ಶಿಗಳು ಬೇಕೆಂದು ಪ್ರಕಟಿಸಿ, ಹಣದ ಅಗತ್ಯವಿದ್ದ ಎಳೆಯ ಪ್ರಾಯದ ಹುಡುಗಿಯರನ್ನು ದೂರದ ಊರುಗಳಿಂದ ಕರಸಿದರು. ಚಿತ್ರಗಳು ಎಂದಿಗೂ ಇಂಟರ್‌ನೆಟ್ಟಿಗೆ ಬಾರವು, ಪರದೇಶದಲ್ಲಿ ಮಾತ್ರ ಮಾರಲ್ಪಡುವವೆಂದು ಮಾತು ಕೊಟ್ಟರು. ಆದರೆ ಅವೇ ಚಿತ್ರಗಳು ಲೋಕವೆಲ್ಲಾ ಹರಡಿ, ಆ ಹುಡುಗಿಯರ ತಂದೆತಾಯಿಗಳಿಗೂ ಸಹಪಾಠಿಗಳಿಗೂ ಮುಟ್ಟಿದವು. ಅವರಲ್ಲಿ 22 ಮಂದಿ ಧೈರ್ಯಮಾಡಿ ನ್ಯಾಯಾಲಯಕ್ಕೆ ಹೋದರು. 2020ರ ಜನವರಿಯಲ್ಲಿ ನ್ಯಾಯಾಧಿಪತಿಯು ಅದು ಮೋಸವೆಂದು ತೀರ್ಪು ಕೊಟ್ಟು, ಒಂದು ಕೋಟಿ ಇಪ್ಪತ್ತು ಲಕ್ಷ ಡಾಲರಿಗೂ ಮೀರಿದ ಪರಿಹಾರವನ್ನು ವಿಧಿಸಿದನು. ಪರದೆಯ ಮೇಲೆ ನಗುವ ಮುಖವನ್ನು ಕಂಡು ಆಕೆಯು ಒಪ್ಪಿಯೇ ಬಂದವಳೆಂದು ನೋಡುವವನು ತನ್ನನ್ನು ಸಮಾಧಾನಪಡಿಸಿಕೊಳ್ಳುತ್ತಾನೆ. ಆ ನಗುವಿನ ಹಿಂದೆ ಏನಿತ್ತೆಂಬದು ಅವನಿಗೆ ತಿಳಿಯದು.

ದೂರ ದೇಶದ ಮಾತೇಕೆ? 2024ರ ಏಪ್ರಿಲಿನಲ್ಲಿ ನಮ್ಮ ನೆರೆಯ ಹಾಸನ ಜಿಲ್ಲೆಯಲ್ಲಿ ಅನೇಕ ಸ್ತ್ರೀಯರ ದೃಶ್ಯಗಳನ್ನು ಪೆನ್‌ಡ್ರೈವುಗಳಲ್ಲಿ ತುಂಬಿಸಿ ಹಂಚಿದರು. ಅವರ ಮುಖಗಳನ್ನು ಕೂಡಾ ಮರೆಮಾಡಲಿಲ್ಲ. ಅನ್ಯಾಯಕ್ಕೆ ಒಳಗಾದ ಆ ಸ್ತ್ರೀಯರಲ್ಲಿ ಕೆಲವರು ಮನೆಗಳಿಗೆ ಬೀಗ ಹಾಕಿ ಊರು ಬಿಟ್ಟುಹೋದರೆಂದು ಪತ್ರಿಕೆಗಳು ತಿಳಿಸಿದವು. ಅದನ್ನು ಮೊಬೈಲಿನಿಂದ ಮೊಬೈಲಿಗೆ ದಾಟಿಸಿದವರಾದರೋ ತಮ್ಮ ತಮ್ಮ ಮನೆಗಳಲ್ಲಿಯೇ ಉಳಿದರು.

ಹಳೆಯ ವ್ಯಾಪಾರಕ್ಕೂ ಇದಕ್ಕೂ ಒಂದು ವ್ಯತ್ಯಾಸವುಂಟು; ಅದು ಇದನ್ನು ಇನ್ನೂ ಕ್ರೂರವಾಗಿ ಮಾಡುತ್ತದೆ. ಮುಕ್ತಿ ಸದನದ ಒಳಗೆ ಬಂದ ಹುಡುಗಿಯನ್ನು ದಲ್ಲಾಳಿಯು ಪುನಃ ಮಾರಲಾರನು. ಆದರೆ ಚಿತ್ರವೊಂದು ಹೊರಬಿದ್ದ ಮೇಲೆ, ಆ ಸ್ತ್ರೀಯು ಬಿಡುಗಡೆಯಾದರೂ ಆಕೆಯ ಚಿತ್ರಕ್ಕೆ ಬಿಡುಗಡೆಯಿಲ್ಲ. ಆಕೆಯು ಮದುವೆಯಾಗಿ ಮಕ್ಕಳನ್ನು ಸಾಕುತ್ತಿರುವಾಗಲೂ ಆಕೆಯನ್ನು ಮಾರುತ್ತಲೇ ಇರುತ್ತಾರೆ. ಈಗಲಂತೂ ಸಭ್ಯಳಾದ ಹುಡುಗಿಯ ಮುಖವನ್ನು ಯಂತ್ರದ ಮೂಲಕ ಬೇರೊಂದು ದೇಹಕ್ಕೆ ಅಂಟಿಸಿ ಹಣ ಕೇಳಿ ಹೆದರಿಸುವವರೂ ಹುಟ್ಟಿದ್ದಾರೆ. ಇನ್ನು ಕೊಳ್ಳುವವನ ಮಾತು. ಹಿಂದೆ ಅವನು ಕತ್ತಲೆಯಲ್ಲಿ ಊರ ಹೊರಗೆ ಹೋಗಬೇಕಿತ್ತು. ಈಗ ತೋಟದ ಲೈನಿನಲ್ಲಿ ಕಂಬಳಿಯೊಳಗೆ ಮಲಗಿಕೊಂಡೇ ನೋಡುತ್ತಾನೆ. ನಾನು ಯಾರನ್ನೂ ಮುಟ್ಟಲಿಲ್ಲ, ಕಾಸನ್ನೂ ಕೊಡಲಿಲ್ಲ ಎಂದು ಎಣಿಸುತ್ತಾನೆ. ಆದರೆ ನೋಡುವವರ ಲೆಕ್ಕದ ಮೇಲೆಯೇ ಜಾಹಿರಾತಿನ ಹಣವು ವ್ಯಾಪಾರಿಗೆ ಬರುತ್ತದೆ. ಅವನ ನೋಟವೇ ಅವನು ಕೊಡುವ ಕಾಸು.

7. ನಮ್ಮ ಸಭೆಯ ಬಾಗಿಲು

ಹೀಗಿರುವಲ್ಲಿ ನಾವು ಮಾಡತಕ್ಕದ್ದೇನು? ಮೊದಲನೆಯದಾಗಿ, ಗಂಡಸರೂ ಯುವಕರೂ ಇಂಥ ಚಿತ್ರಗಳನ್ನು ನೋಡುವದನ್ನೂ ದಾಟಿಸುವದನ್ನೂ ಬಿಡಬೇಕು. ಬಿಡಲಾರದೆ ಸಿಕ್ಕಿಬಿದ್ದವನು ಹಿರಿಯರಲ್ಲಿ ನಂಬಿಗಸ್ತನೊಬ್ಬನ ಬಳಿಗೆ ಹೋಗಿ ಹೇಳಿಕೊಳ್ಳಲಿ; ಅಂಥವನನ್ನು ಹಾಸ್ಯಮಾಡಬೇಡಿರಿ. ಎರಡನೆಯದಾಗಿ, ಪಟ್ಟಣದಲ್ಲಿ ಕೆಲಸ ಕೊಡಿಸುತ್ತೇನೆ, ಸಿನೆಮದಲ್ಲಿ ಸೇರಿಸುತ್ತೇನೆ ಎಂದು ಮುಂಗಡ ಹಿಡಿದು ಬರುವವನನ್ನು, ಅವನು ನೆಂಟನೇ ಆಗಿದ್ದರೂ, ಚೆನ್ನಾಗಿ ವಿಚಾರಿಸದೆ ಹೆಣ್ಣುಮಕ್ಕಳನ್ನು ಕಳುಹಿಸಬೇಡಿರಿ. ಅವರಿಗೆ ಓದನ್ನೂ ಕೈಕೆಲಸವನ್ನೂ ಕಲಿಸಿರಿ.

ಮೂರನೆಯದಾಗಿ, ಕಾನೂನು ಹೆಣ್ಣಿನ ಪಕ್ಷದಲ್ಲಿದೆ ಎಂಬದನ್ನು ತಿಳಿಯಿರಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನ ಪ್ರಕಾರ, ಸ್ತ್ರೀಯು ತನ್ನ ಖಾಸಗಿ ಚಿತ್ರವನ್ನು ತೆಗೆಯುವದಕ್ಕೆ ಒಪ್ಪಿದ್ದರೂ, ಇತರರಿಗೆ ಹಂಚುವದಕ್ಕೆ ಒಪ್ಪದಿದ್ದಲ್ಲಿ, ಹಂಚಿದವನು ಅಪರಾಧಿ. ಮಕ್ಕಳ ಇಂಥ ಚಿತ್ರಗಳನ್ನು ಅಳಿಸದೆ, ವರದಿಯನ್ನೂ ಮಾಡದೆ ಇಟ್ಟುಕೊಳ್ಳುವವನು ಪೋಕ್ಸೋ ಕಾನೂನಿನ ಕೈಗೆ ಸಿಕ್ಕಬಲ್ಲನೆಂದು ಸುಪ್ರೀಂ ಕೋರ್ಟು 2024ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು; ಅವುಗಳನ್ನು ಅಶ್ಲೀಲ ಚಿತ್ರಗಳೆಂದು ಕರೆಯದೆ ಮಕ್ಕಳ ಶೋಷಣೆಯೆಂದೇ ಕರೆಯಬೇಕೆಂದೂ ಹೇಳಿತು. ಚಿತ್ರ ತೋರಿಸಿ ಯಾರಾದರೂ ಹೆದರಿಸಿದರೆ ಹಣ ಕೊಡಬೇಡಿರಿ, ಸಂದೇಶಗಳನ್ನು ಅಳಿಸಬೇಡಿರಿ. ಸೈಬರ್ ಅಪರಾಧಕ್ಕೆ 1930, ಸ್ತ್ರೀಯರ ಸಹಾಯಕ್ಕೆ 181, ಮಕ್ಕಳ ಸಹಾಯಕ್ಕೆ 1098 ಎಂಬ ನಂಬ್ರಗಳಿಗೆ ಕರೆಮಾಡಿರಿ.

ಕಡೆಯದಾಗಿ, ಎಲ್ಲಕ್ಕಿಂತ ಕಷ್ಟವಾದ ಮಾತು. ನಮ್ಮ ಹಳ್ಳಿಯ ಒಬ್ಬ ಹುಡುಗಿಯ ಚಿತ್ರವು ಹೊರಬಿದ್ದರೆ ನಾವು ಏನು ಮಾಡುವೆವು? ಆಕೆಯು ಆರಾಧನೆಗೆ ಬಂದಾಗ ಬೆಂಚಿನಲ್ಲಿ ಸರಿದು ಕೂತುಕೊಳ್ಳುವೆವೋ? ತಾಯಿಯು ಬಾವಿಯ ಬಳಿಗೆ ಬಂದಾಗ ಮಾತು ನಿಲ್ಲಿಸುವೆವೋ? ಹಾಗೆ ಮಾಡಿದರೆ ನಾಲ್ಕನೆಯ ಹುರಿಯನ್ನು ಹೊಸೆದವರು ನಾವೇ. ವ್ಯಾಪಾರಿಯು ಹೆದರಿಸುವದು ಚಿತ್ರದಿಂದಲ್ಲ, ನಮ್ಮಿಂದ. ಊರಿನವರು ಕೈಬಿಡುವದಿಲ್ಲವೆಂದು ಹುಡುಗಿಗೆ ತಿಳಿದಿದ್ದರೆ ಅವನ ಕೈಯಲ್ಲಿ ಆಯುಧವೇ ಇಲ್ಲ. ನಾಚಿಕೆಯು ಮಾರುವವನದೂ ನೋಡುವವನದೂ ಆಗಿದೆ, ಮಾರಲ್ಪಟ್ಟವಳದಲ್ಲ. ಇದನ್ನು ರಮಾಬಾಯಿಯು ತನ್ನ ಜೀವಿತದಿಂದ ತೋರಿಸಿದಳು.

ಗಂಗಾಮೂಲದಿಂದ ಬೆತ್ತದ ಪೆಟ್ಟಿಗೆಯಲ್ಲಿ ಇಳಿದುಹೋದ ಆ ಕೂಸಿಗೆ ಅಂದು ಈ ಬೆಟ್ಟದಲ್ಲಿ ಒಂದು ಮನೆಯೂ ಉಳಿಯಲಿಲ್ಲ. ಆದರೂ ಆಕೆಯು ಮನೆಯಿಲ್ಲದ ಸಾವಿರಾರು ಮಂದಿಗೆ ಮನೆಯಾದಳು. ಮುಂದಿನ ಸಾರಿ ಘಟ್ಟದ ದಾರಿಯಲ್ಲಿ ಗಂಗಾಮೂಲವನ್ನು ದಾಟುವಾಗ, ಪ್ರಿಯರೇ, ಆಕೆಯನ್ನು ನೆನಸಿಕೊಳ್ಳಿರಿ. ಮನೆಗೆ ಮುಟ್ಟಿದ ಮೇಲೆ ನಮ್ಮ ಬಾಗಿಲಿಗೆ ಅಗಳಿ ಹಾಕಿದೆಯೋ ತೆರೆದಿದೆಯೋ ಎಂದು ಒಮ್ಮೆ ನೋಡಿಕೊಳ್ಳೋಣ.